ತರಗತಿಯ ಕಸದ ಬುಟ್ಟಿ ಸುರಿದು ನೋಡಿದವರ ಅನುಭವಗಳು

ಪ್ರಶ್ನೆ:

ನಾನು ಆರನೇ ತರಗತಿಯ ಟೀಚರ್. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಅಂತ ಭಾಷಣ ಆಯಿತು, ಪೋಸ್ಟರ್ ಆಯಿತು, ಪ್ರತಿಜ್ಞೆಯೂ ಆಯಿತು. ಮಕ್ಕಳು ಘೋಷಣೆ ಜೋರಾಗಿಯೇ ಕೂಗುತ್ತಾರೆ. ಮಧ್ಯಾಹ್ನ ಬುಟ್ಟಿ ನೋಡಿದರೆ ಅವೇ ರ‍್ಯಾಪರ್, ಅವೇ ಸ್ಟ್ರಾ. ನಿಮ್ಮ ಮಕ್ಕಳಲ್ಲಿ ನಿಜವಾಗಿ ಬದಲಾವಣೆ ತಂದದ್ದು ಏನು? ಅನುಭವ ಇದ್ದವರು ಹೇಳಿ.

ಒಬ್ಬ ಶಿಕ್ಷಕಿ:

ಮೇಡಂ, ನಾನೂ ಪೋಸ್ಟರಿನಿಂದಲೇ ಶುರು ಮಾಡಿದವಳು. 'ಪ್ಲಾಸ್ಟಿಕ್ ಬೇಡ' ಅಂತ ಮಕ್ಕಳು ಬರೆದದ್ದು ಹಾಳಾಗಬಾರದಲ್ಲ, ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿದೆ. ಪ್ಲಾಸ್ಟಿಕ್ ಹೊದಿಸಿ! ಹಿಂದಿನ ಬೆಂಚಿನ ಹುಡುಗ ಅದನ್ನು ಹೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ. ಅವತ್ತಿಗೆ ಭಾಷಣ ಬಿಟ್ಟೆ.

ಒಂದು ವಾರ, ದಿನಾ ಕೊನೆಯ ಪೀರಿಯಡ್‌ನಲ್ಲಿ ಬುಟ್ಟಿಯನ್ನು ಹಳೇ ನ್ಯೂಸ್‌ಪೇಪರ್ ಮೇಲೆ ಸುರಿದೆವು. ಕೈಗೆ ರಬ್ಬರ್ ಗ್ಲೌಸ್, ಜೊತೆಗೊಂದು ಇಕ್ಕಳ. ಒಬ್ಬರು ಎಣಿಸುವುದು, ಇನ್ನೊಬ್ಬರು ಬೋರ್ಡಿನ ಮೇಲೆ ಗೆರೆ ಎಳೆಯುವುದು. ನಾನು ಬಾಯಿ ಬಿಡಲಿಲ್ಲ. ಮೊದಲ ದಿನ ಕಿಸಿಕಿಸಿ ನಗು, ಮೂಗು ಮುಚ್ಚಿಕೊಳ್ಳುವುದು ಎಲ್ಲ ಇತ್ತು. ಮೂರನೇ ದಿನ ಅವರಲ್ಲೇ ಜಗಳ ಹತ್ತಿತು. "ಈ ಸ್ಟ್ರಾ ಬೇಕೇ ಇರ್ಲಿಲ್ಲ, ಹಾಗೇ ಕುಡೀಬಹುದಿತ್ತು." "ರ‍್ಯಾಪರ್‌ಗೆ ಏನು ಮಾಡೋದು? ಅದಿಲ್ಲದೆ ತಿಂಡಿ ಸಿಗಲ್ವಲ್ಲ!" ನನಗೆ ಬೇಕಾಗಿದ್ದದ್ದು ಇದೇ ಜಗಳ. ಬೋರ್ಡಿನ ಮೇಲೆ ಎರಡು ಪಟ್ಟಿ ಮಾಡಿಸಿದೆ: ನಮ್ಮ ಕೈಲಿ ಆಗುವುದು, ಆಗದ್ದು. ಆಗುವ ಪಟ್ಟಿಯಿಂದ ಒಂದೇ ಒಂದು ವಸ್ತು ಆರಿಸಿಕೊಂಡರು, ಸ್ಟ್ರಾ. ತಿಂಗಳ ಬಳಿಕ ಮತ್ತೆ ಒಂದು ವಾರ ಎಣಿಸಿದೆವು. ಸೊನ್ನೆಯೇನೂ ಆಗಿರಲಿಲ್ಲ. ಆದರೆ ಗೆರೆಗಳು ಎದ್ದು ಕಾಣುವಷ್ಟು ಕಮ್ಮಿಯಾಗಿದ್ದವು.

ಯಾವುದನ್ನು ಯಾರು ಎಸೆದರು ಅಂತ ಮಾತ್ರ ಕೇಳಬೇಡಿ.

ಒಬ್ಬ ತಾಯಿ:

ಮಗಳ ಶಾಲೆಯಲ್ಲಿ 'ಕಸದಿಂದ ರಸ' ಪ್ರಾಜೆಕ್ಟಿಗೆ ಹತ್ತು ಖಾಲಿ ಬಾಟಲಿ ತರಲು ಹೇಳಿದ್ದರು. ನಮ್ಮ ಮನೆಯಲ್ಲಿ ಬಾಟಲಿ ನೀರು ಕೊಳ್ಳುವ ಅಭ್ಯಾಸವೇ ಇಲ್ಲ. ಕೊನೆಗೆ ಹತ್ತು ಬಾಟಲಿ ಹೊಸದಾಗಿ ಕೊಂಡು, ನೀರನ್ನು ಗಿಡಕ್ಕೆ ಸುರಿದು, ಖಾಲಿ ಮಾಡಿ ಕಳಿಸಿದೆ. ಪೆನ್ ಸ್ಟ್ಯಾಂಡ್‌ಗೆ ಬಹುಮಾನವೂ ಬಂತು! ದಯವಿಟ್ಟು ಇಂಥದ್ದು ಕೊಡಬೇಡಿ.

ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು:

ಬುಟ್ಟಿಯಲ್ಲಿ ನೀರಿನ ಬಾಟಲಿ ಸಿಕ್ಕರೆ ಪ್ರಯೋಗಕ್ಕೆ ಇಟ್ಟುಕೊಳ್ಳಿ ಮೇಡಂ. ತೊಳೆದು, ಬಾಟಲಿಯಿಂದ ಉಗುರಿನಷ್ಟು ಚೂರು, ಮುಚ್ಚಳದಿಂದ ಒಂದು ಚೂರು ಕತ್ತರಿಸಿ (ಕತ್ತರಿ ನಿಮ್ಮ ಕೈಯಲ್ಲೇ ಇರಲಿ). ಎರಡನ್ನೂ ನೀರಿನ ಲೋಟಕ್ಕೆ ಹಾಕಿ. ಬಾಟಲಿ ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಬಾಟಲಿ ಪೆಟ್ ಪ್ಲಾಸ್ಟಿಕ್, ಅದರ ಸಾಂದ್ರತೆ ನೀರಿನ ಸುಮಾರು 1.38 ಪಟ್ಟು. ಮುಚ್ಚಳ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಇಲ್ಲವೇ ಎಚ್‌ಡಿಪಿಇ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್. ಮುಚ್ಚಳದ ಈ ಎರಡು ಜಾತಿಯೂ ನೀರಿಗಿಂತ ಹಗುರ. ನನ್ನ ಮೊದಲ ಪ್ರಯತ್ನ ಕೈಕೊಟ್ಟಿತ್ತು. ಬಾಟಲಿ ಚೂರಿಗೆ ಗಾಳಿಗುಳ್ಳೆ ಅಂಟಿಕೊಂಡು ಅದೂ ತೇಲಿತು, ಮಕ್ಕಳು ಬಿದ್ದು ಬಿದ್ದು ನಕ್ಕರು. ಬೆರಳಿನಿಂದ ಒಮ್ಮೆ ಒತ್ತಿ ಬಿಡಿ, ಸರಿಹೋಗುತ್ತದೆ.

ಪ್ಲಾಸ್ಟಿಕ್ ಅನ್ನುವುದು ಒಂದೇ ವಸ್ತು ಅಲ್ಲ ಅಂತ ಕಣ್ಣಾರೆ ಕಂಡ ಮೇಲೆ ಮುಂದಿನದು ಸುಲಭ. ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗಿನ 1ರಿಂದ 7ರವರೆಗಿನ ಅಂಕಿ ಹುಡುಕಿಸಿ. ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ, ಅಷ್ಟೇ. ಮರುಬಳಕೆ ಆಗಿಯೇ ಆಗುತ್ತದೆ ಅಂತ ಅಲ್ಲ. ಕುರುಕಲು ತಿಂಡಿಯ ಪ್ಯಾಕೆಟ್ಟಿನ ಒಳಗೆ ಬೆಳ್ಳಗೆ ಹೊಳೆಯುತ್ತದಲ್ಲ, ಅದು ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಲೇಪಿಸಿದ ಅಲ್ಯೂಮಿನಿಯಂ. ಆ ಪದರಗಳನ್ನು ಬಿಡಿಸುವುದು ಕಷ್ಟ. 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆ ಆದದ್ದು ಸುಮಾರು ಶೇ. 9. ಇದನ್ನು ಹೇಳಿದಾಗ ಒಬ್ಬಳು, "ಹಾಗಾದ್ರೆ ನಾವು ಬೇರೆ ಬೇರೆ ಮಾಡಿ ಹಾಕೋದು ಸುಮ್ನೆನಾ ಸರ್?" ಅಂತ ಕೇಳಿದಳು. ಸುಮ್ನೆ ಅಲ್ಲಮ್ಮ, ಆದರೆ ಬೇಡದ್ದನ್ನು ತಾರದೇ ಇರುವುದು ಅದಕ್ಕೂ ಮೊದಲಿನ ಕೆಲಸ ಅಂದೆ.

ಮತ್ತೊಬ್ಬ ಶಿಕ್ಷಕರು:

ದಂಡ ಹಾಕಲು ಹೋಗಬೇಡಿ. ನಾನು ಹಿಂದೆ ಇದ್ದ ಶಾಲೆಯಲ್ಲಿ ಹಾಕಿದ್ದರು. ಒಂದೇ ವಾರಕ್ಕೆ ಬುಟ್ಟಿ ಸ್ವಚ್ಛ, ಎಲ್ಲರಿಗೂ ಖುಷಿ. ಆಮೇಲೊಂದು ದಿನ ಬೀರು ಸರಿಸಿದರೆ ಹಿಂದೆ ರ‍್ಯಾಪರ್ ರಾಶಿ. ಅಷ್ಟಕ್ಕೂ ತಿಂಡಿ ಏನು ಕಳಿಸಬೇಕು ಅಂತ ತೀರ್ಮಾನಿಸುವುದು ಮಗು ಅಲ್ಲ, ಅಲ್ವಾ?

ಒಬ್ಬ ಮುಖ್ಯ ಶಿಕ್ಷಕಿ:

ನಮ್ಮ ಮಕ್ಕಳು ಬಾಟಲಿ ನೀರು ಕೊಳ್ಳುತ್ತಿದ್ದದ್ದು ತಿಳಿವಳಿಕೆ ಇಲ್ಲದೆ ಅಲ್ಲ. ಕುಡಿಯುವ ನೀರಿನ ನಲ್ಲಿ ತೀರಾ ಕೆಳಗಿತ್ತು. ಮನೆಯಿಂದ ತಂದ ಬಾಟಲಿಯನ್ನು ಅದರ ಕೆಳಗೆ ನೇರ ಹಿಡಿಯಲು ಆಗದೆ ಅರ್ಧವೇ ತುಂಬುತ್ತಿತ್ತು. ಏಳನೇ ತರಗತಿಯವರು ಬಂದು ಹೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು. ನಲ್ಲಿ ಮೇಲಕ್ಕೆ ಹಾಕಿಸಿದೆವು. ಕೊಳ್ಳುವುದು ತಾನಾಗಿ ಕಮ್ಮಿಯಾಯಿತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ನಾಳೆಯಿಂದ ಎಣಿಕೆ ಶುರು. ಅದಕ್ಕೆ ಮೊದಲು ಇವತ್ತು ನಮ್ಮ ಸ್ಟಾಫ್ ರೂಮಿನ ಬುಟ್ಟಿ ಸುರಿದು ನೋಡಿದೆ. 14 ಪೇಪರ್ ಕಪ್. ಪೇಪರ್ ತಾನೇ ಅಂದುಕೊಂಡೆ. ನಮ್ಮ ವಿಜ್ಞಾನದ ಟೀಚರ್ ಒಂದನ್ನು ನೆನೆಸಿ, ಒಳಗಿನ ತೆಳು ಪ್ಲಾಸ್ಟಿಕ್ ಪದರ ಸುಲಿದು ತೋರಿಸಿದರು. 14ರಲ್ಲಿ ಎರಡು ನನ್ನವು.