5ನೇ ಕ್ಲಾಸಿಗೆ ಮೂರೇ ಟ್ಯಾಬ್, ಒಬ್ಬೊಬ್ಬರಿಗೂ ಬೇರೆ ಪಾಠ ಹೇಗೆ?

ರೋಣದ ಅಕ್ಕೋರು:
ರೋಣದ ಹತ್ತಿರ ಹಳ್ಳಿ ಶಾಲೆ, 5ನೇ ಕ್ಲಾಸಿನಲ್ಲಿ 26 ಮಕ್ಕಳು. ದಾನಿಗಳು ಕೊಟ್ಟ ಒಂದು ಟಿವಿ, ಮೂರು ಟ್ಯಾಬ್ ಇವೆ. ಕಳೆಯುವ ಲೆಕ್ಕದ ವಿಡಿಯೊ ಟಿವಿಯಲ್ಲಿ ಹಾಕಿದರೆ ಮುಂದಿನ ಸಾಲಿನವರು ಅದು ಮುಗಿಯುವ ಮೊದಲೇ ಉತ್ತರ ಕೂಗುತ್ತಾರೆ, ಹಿಂದೆ ಕೂತವರು ಬಣ್ಣದ ಚಿತ್ರ ನೋಡಿ ಸುಮ್ನಾಗುತ್ತಾರೆ. ಆಮೇಲೆ 402ರಲ್ಲಿ 178 ಕಳೆಯಿರಿ ಅಂದರೆ ಒಬ್ಬ 376 ಬರೆದ, ಇನ್ನೊಬ್ಬಳು 334. ಒಬ್ಬೊಬ್ಬರಿಗೆ ಬೇಕಾದ್ದನ್ನೇ ಹೇಳಿಕೊಡೋಕೆ ಮೂರು ಟ್ಯಾಬ್ ಸಾಕಾ?

ಬ್ಯಾಡಗಿ ಮಾಸ್ತರ್:
ಅಕ್ಕೋರೇ, ಆ ಎರಡು ತಪ್ಪನ್ನೇ ಸ್ವಲ್ಪ ನೋಡಿ. 376 ಬರೆದವನು ಬಿಡಿ, ಹತ್ತು, ನೂರು ಅಂತ ಪ್ರತಿ ಮನೆಯಲ್ಲೂ ದೊಡ್ಡದರಲ್ಲಿ ಸಣ್ಣದು ಕಳೆದಿದ್ದಾನೆ, 8ರಲ್ಲಿ 2, 7ರಲ್ಲಿ 0. ಪಕ್ಕದ ಮನೆಯಿಂದ ಸಾಲ ತರೋದೇ ಅವನಿಗೆ ಗೊತ್ತಿಲ್ಲ. 334 ಬರೆದವಳು ಸಾಲ ತಂದಿದ್ದಾಳೆ, ಆದರೆ ತಂದ ಮನೆಯಲ್ಲಿ ಕಡಿಮೆ ಮಾಡಿಲ್ಲ. ಇಬ್ಬರಿಗೂ ಒಂದೇ ವಿಡಿಯೊ ಹಾಕಿ ಏನು ಬಂತು? ನಾನು ಮೊಬೈಲನ್ನು ಪುಸ್ತಕಗಳ ಮೇಲೆ ತುದಿಗಿಟ್ಟು, ಕೆಳಗೆ ನೂರರ ನಾಲ್ಕು ನೋಟು, ಎರಡು ನಾಣ್ಯ ಇಟ್ಟು ನಾನೇ ವಿಡಿಯೊ ಮಾಡಿದೆ. ಒಂದು ನೂರು ಮುರಿಸಿದರೆ ಹತ್ತರ ಹತ್ತು ನೋಟು, ಅದರಲ್ಲೊಂದು ಮುರಿಸಿದರೆ ಹತ್ತು ನಾಣ್ಯ. ಈಗ ಕೈಯಲ್ಲಿ 3 ನೂರು, 9 ಹತ್ತು, 12 ನಾಣ್ಯ. ಎರಡೇ ನಿಮಿಷ. ಫ್ಯಾನ್ ಆರಿಸಿ ರೆಕಾರ್ಡ್ ಮಾಡಿ, ಇಲ್ಲಾಂದ್ರೆ ಬರೀ ಗಾಳಿ ಸದ್ದು.

ಸಪ್ತಾಪುರದ ಅಪ್ಪ:
ನನ್ನ ಅನುಭವ ಬೇರೆ. ಮಗಳಿಗೆ ದುಡ್ಡು ಕೊಟ್ಟು ಒಂದು ಆ್ಯಪ್ ಹಾಕಿಸಿದೆ, ಮಗುವಿನ ಮಟ್ಟ ನೋಡಿ ಪ್ರಶ್ನೆ ಕೇಳುತ್ತೆ ಅಂದಿದ್ದರು. ಅವಳು ನಾಲ್ಕೂ ಉತ್ತರ ಒಂದೊಂದಾಗಿ ಒತ್ತುತ್ತಾಳೆ, ಹಸಿರು ಬಂದ ಕೂಡಲೇ ಮುಂದೆ. ಸ್ಟಾರ್ ರಾಶಿ ಬಿದ್ದಿವೆ, ಲೆಕ್ಕ ಬರಲ್ಲ. ಪಾಟಿಯ ಮೇಲೆ ಬರೆಸಿ, ಅಲ್ಲಾದರೂ ತಪ್ಪು ಕಾಣುತ್ತೆ.

ಗದಗ ಸಿಆರ್‌ಪಿ (ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ):
ಪಾಟಿ ಮಾತು ಒಪ್ಪುತ್ತೇನೆ ಸರ್, ಟ್ಯಾಬ್ ಜೊತೆಗೇ ಅದೂ ಇರಲಿ. ಅಕ್ಕೋರೇ, 26 ಟ್ಯಾಬ್ ಬೇಕಾಗಿಲ್ಲ. ಸಣ್ಣ ಕ್ಲಾಸಿನ ಮಕ್ಕಳನ್ನು ಗುಂಪು ಮಾಡಿ ಕಲಿಸುವ ನಲಿಕಲಿ, ಅದರಲ್ಲಿ ಗುಂಪಿಗೆ ತಟ್ಟೆ ಅನ್ನೋದು ನೆನಪಿದೆಯಲ್ವಾ? 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದಾಗ ಯಾವ ಟ್ಯಾಬ್ ಇತ್ತು? ಕಾರ್ಡು, ಕಲಿಕೆಯ ಮೆಟ್ಟಿಲು ತೋರಿಸುವ ಏಣಿ ಇಟ್ಟುಕೊಂಡೇ ಮಕ್ಕಳು ತಮ್ಮ ತಮ್ಮ ವೇಗಕ್ಕೆ ಹೋಗುತ್ತಿದ್ದರು. ಹಾಗೇ ಒಂದು ಗುಂಪು ಟ್ಯಾಬ್ ಹತ್ತಿರ, ಒಂದು ನಿಮ್ಮ ಹತ್ತಿರ, ಉಳಿದವರು ಜೋಡಿಯಾಗಿ ಲೆಕ್ಕ ಮಾಡಲಿ, 15 ನಿಮಿಷಕ್ಕೆ ಬದಲಿಸಿ. ನೆಟ್ ಸಿಗದಿದ್ದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಪಾಠಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಹಳೇ ಲ್ಯಾಪ್‌ಟಾಪ್ ಇದ್ದರೆ ಕೊಲಿಬ್ರಿ ಅನ್ನೋ ಪಾಠದ ಸಾಫ್ಟ್‌ವೇರ್ ಹಾಕಿ, ಉಚಿತ. ರೂಟರ್ ಇದ್ದರೆ ಇಂಟರ್‌ನೆಟ್ ಇಲ್ಲದೆಯೂ ಟ್ಯಾಬ್‌ಗೆ ಪಾಠ ಹೋಗುತ್ತೆ, ಯಾರು ಎಲ್ಲಿ ನಿಂತಿದ್ದಾರೆ ಅಂತ ಹೆಸರಿನ ಮುಂದೆ ಕಾಣುತ್ತೆ.

ರೋಣದ ಅಕ್ಕೋರು:
ನೋಟಿನ ವಿಡಿಯೊ ಮಾಡಿದೆ ಸರ್, ಹತ್ತರ ನೋಟಿಗೆ ಕಿರಾಣಿ ಅಂಗಡಿಗೇ ಹೋಗಬೇಕಾಯ್ತು! 334ರ ಹುಡುಗಿ ಒಂದೇ ಸಲ ನೋಡಿ 224 ಬರೆದಳು. 376ರವನು ನೋಟು ಮುರಿಸುವ ಜಾಗಕ್ಕೇ ಹಿಂದೆ ಎಳೆದು ಎಳೆದು ನೋಡಿದ. ಟಿವಿಯಲ್ಲಾಗಿದ್ದರೆ ಅವನ ಸಲುವಾಗಿ ನಾನು ಅಷ್ಟು ಸಲ ನಿಲ್ಲಿಸುತ್ತಿರಲಿಲ್ಲ. ಕೊನೆಗೆ ಕೇಳಿದ, "ಅಕ್ಕೋರ, ಅಂಗಡಿಯಾವ ಚಿಲ್ಲರೆ ಇಲ್ಲ ಅಂದ್ರ ಏನ್ ಮಾಡೋದ್ರಿ?"