ಜನವರಿಯ ದುಬೈ ಪ್ರವಾಸ: ಮರುಭೂಮಿ ಸಂಜೆ ಬಗ್ಗೆ ಡಾಕ್ಟರಮ್ಮನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಕುವೆಂಪುನಗರದ ಗುಂಪಿನಿಂದ 28 ಜನ ಜನವರಿಯಲ್ಲಿ ದುಬೈಗೆ ಹೊರಟಿದ್ದೇವೆ. ಅದರಲ್ಲಿ 17 ಜನ ಅರವತ್ತು ದಾಟಿದವರು. ಎರಡನೇ ದಿನ ಮರುಭೂಮಿ ಸಫಾರಿ. ಮಧ್ಯಾಹ್ನ ಮೂರಕ್ಕೆ ಹೋಟೆಲಿನಿಂದ ಜೀಪು, ಮರಳುದಿಬ್ಬಗಳ ಮೇಲೆ ಅರ್ಧ ಗಂಟೆ ಓಟ, ಸೂರ್ಯ ಮುಳುಗುವ ಹೊತ್ತಿಗೆ ಒಂಟೆ ಸವಾರಿ, ಆಮೇಲೆ ಕ್ಯಾಂಪಿನಲ್ಲಿ ಮೆಹಂದಿ, ನೃತ್ಯ, ಎಂಟಕ್ಕೆ ಊಟ. ಡಾಕ್ಟರಮ್ಮ ಕ್ಲಿನಿಕ್ ಮುಗಿಸಿಕೊಂಡು ಇವತ್ತು ರಾತ್ರಿ ಇಲ್ಲೇ ಉತ್ತರ ಕೊಡಲು ಒಪ್ಪಿದ್ದಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ, ಪ್ರಶ್ನೆ ಮಾತ್ರ ಕೇಳಿ.

ರಂಗಸ್ವಾಮಿ: ನಮಸ್ಕಾರ ಡಾಕ್ಟರಮ್ಮ. ನನಗೆ 71. ಸಕ್ಕರೆ ಕಾಯಿಲೆ 14 ವರ್ಷದಿಂದ ಇದೆ. ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ಬೆಳಿಗ್ಗೆ, ರಾತ್ರಿ ಊಟಕ್ಕೆ ಮುಂಚೆ ಎರಡು ಹೊತ್ತು. ಅಲ್ಲಿ ಏನಾದರೂ ಬದಲಾಯಿಸಬೇಕಾ?

ಡಾಕ್ಟರಮ್ಮ: ನಮಸ್ಕಾರ ರಂಗಸ್ವಾಮಿಯವರೇ. ಒಳ್ಳೆಯ ಪ್ರಶ್ನೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ ಇದೆ. ಕ್ಯಾಂಪಿನಲ್ಲಿ ಎಂಟಕ್ಕೆ ಊಟ ಅಂದರೆ ನಿಮ್ಮ ಹೊಟ್ಟೆಗೆ ಅದು ಮೈಸೂರಿನ ಒಂಬತ್ತೂವರೆ. ಅಭ್ಯಾಸಬಲದಿಂದ ಮಾತ್ರೆ ಮುಂಚೆ ನುಂಗಿಬಿಟ್ಟು, ಊಟಕ್ಕೆ ಸಾಲಿನಲ್ಲಿ ಕಾಯುತ್ತಾ ನಿಂತರೆ ಸಕ್ಕರೆ ಇಳಿಯುತ್ತದೆ. ತಟ್ಟೆ ಕೈಗೆ ಬಂದ ಮೇಲೆಯೇ ಮಾತ್ರೆ. ಮೂರಕ್ಕೆ ಹೊರಡುವ ಮೊದಲು ಎರಡು ಚಪಾತಿಯನ್ನೋ ಉಪ್ಪಿಟ್ಟನ್ನೋ ತಿನ್ನಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಕೈ ನಡುಗಿದರೆ, ಬೆವರಿದರೆ, ಮಂಕಾದರೆ ಮೂರು ಚಮಚ ನೀರಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿ ಹೋಗದಿದ್ದರೆ ಮತ್ತೆ ಅಷ್ಟೇ. ಪಕ್ಕದಲ್ಲಿ ಕೂರುವವರಿಗೂ ಇದನ್ನು ಮೊದಲೇ ಹೇಳಿಡಿ.

ನಾಗರತ್ನ: ಒಂಟೆ ಮೇಲೆ ಕೂರುವುದು ಹೇಗೆ ಮೇಡಂ? ನನಗೆ ಭಯ. ಆದರೂ ಆಸೆ.

ಡಾಕ್ಟರಮ್ಮ: ಒಂಟೆ ನಡೆಯುವಾಗ ಅಷ್ಟು ತೊಂದರೆ ಇಲ್ಲ. ಬೀಳುವುದು ಅದು ಏಳುವಾಗ, ಕೂರುವಾಗ. ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ನೀವು ಅದರ ಕತ್ತಿನ ಮೇಲೆ ಮುಗ್ಗರಿಸಿದ ಹಾಗಾಗುತ್ತದೆ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಮತ್ತೆ ಮುಂದಕ್ಕೇ ಜಗ್ಗುತ್ತದೆ. ಎರಡು ಸಲವೂ ಮೈಯನ್ನು ಹಿಂದಕ್ಕೆ ವಾಲಿಸಿ, ಎರಡೂ ಕೈಯಲ್ಲಿ ಹಿಡಿಯನ್ನು ಭದ್ರವಾಗಿ ಹಿಡಿಯಿರಿ. ಒಂದು ಕೈಯಲ್ಲಿ ಫೋನ್ ಹಿಡಿದು ಸೆಲ್ಫಿ ಬೇಡ. ಕೂತ ಎತ್ತರ ಎರಡು ಮೀಟರಿಗೂ ಜಾಸ್ತಿ. ಸೀರೆ ಬೇಡ, ಚೂಡಿದಾರ್ ಹಾಕಿ.

ಶೋಭಾ: ನನ್ನ ಮಗಳು ಬಸುರಿ, ಐದು ತಿಂಗಳು. ಸಫಾರಿಗೆ ಬರಬಹುದಾ?

ಡಾಕ್ಟರಮ್ಮ: ಜೀಪಿನ ದಿಬ್ಬದ ಓಟ ಬೇಡ. ಒಂಟೆಯೂ ಬೇಡ. ಕ್ಯಾಂಪಿಗೆ ರಸ್ತೆಯಲ್ಲಿ ನೇರವಾಗಿ ಕರೆದುಕೊಂಡು ಹೋಗಿ ಎಂದು ಟೂರಿನವರನ್ನು ಈಗಲೇ ಕೇಳಿ. ಊಟ, ನೃತ್ಯ ನೋಡಲು ಅಡ್ಡಿಯಿಲ್ಲ.

ರವಿ: ನನಗೆ ಮಡಿಕೇರಿ ಘಾಟಿಯಲ್ಲೇ ವಾಂತಿ. ಜೀಪಿನಲ್ಲಿ ಏನು ಮಾಡಲಿ?

ಡಾಕ್ಟರಮ್ಮ: ಮುಂದಿನ ಸೀಟಿನಲ್ಲಿ ಕೂರಿ, ದೂರಕ್ಕೆ ನೋಡಿ, ಫೋನ್ ನೋಡಬೇಡಿ. ಹೊಟ್ಟೆ ತುಂಬ ತಿನ್ನಬೇಡಿ, ಹಸಿದೂ ಹೋಗಬೇಡಿ. ವಾಂತಿ ತಡೆಯುವ ಮಾತ್ರೆ ಒಂದೆರಡು ಗಂಟೆ ಮುಂಚೆ ತಗೊಳ್ಳಬೇಕು, ವಾಂತಿ ಶುರುವಾದ ಮೇಲೆ ಅಲ್ಲ. ಅದರಿಂದ ನಿದ್ದೆ ಬರುತ್ತದೆ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು, ಗ್ಲಾಕೋಮಾ ಇರುವವರು ನನ್ನನ್ನು ಕೇಳದೆ ತಗೊಳ್ಳಬೇಡಿ. ಮೂತ್ರ ಕಟ್ಟಿಕೊಂಡರೆ ಮರಳುಗಾಡಿನ ನಡುವೆ ಒದ್ದಾಡಬೇಕಾಗುತ್ತದೆ.

ಮಂಜುಳಾ: ಮುಂದಿನ ಸೀಟು ಒಂದು ಜೀಪಿಗೆ ಒಂದೇ. ನನಗೂ ವಾಂತಿ ಬರುತ್ತೆ. ನಾನು ಹಣ ಕಟ್ಟುವಾಗಲೇ ಹೇಳಿದ್ದೆ.

ರವಿ: ನಾನೂ ಹೇಳಿದ್ದೆ.

ನಾಗರತ್ನ: ವಯಸ್ಸಾದವರಿಗೆ ಕೊಡೋದು ಬಿಟ್ಟು ನಿಮ್ಮ ನಿಮ್ಮಲ್ಲೇ ಹಂಚಿಕೊಳ್ತೀರಲ್ಲ. ರಂಗಸ್ವಾಮಿ ಮೇಷ್ಟ್ರು ಹಿಂದೆ ಮೂರನೇ ಸಾಲಿಗೆ ಹತ್ತಬೇಕಾ?

ಮಂಜುಳಾ: ಅವರು ಕೇಳಲಿಲ್ಲವಲ್ಲ. ನೀವು ಯಾಕೆ ಮಧ್ಯೆ?

ಅಡ್ಮಿನ್: ಸೀಟಿನ ವಿಷಯ ಆಮೇಲೆ ಮಾತಾಡೋಣ.

ದಿನೇಶ್: ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಮರಳಿಗೆ ತೊಂದರೆ ಆಗುತ್ತಾ?

ಗೋವಿಂದಪ್ಪ: ಫಾರ್ವರ್ಡ್ ಬಂದಿತ್ತು, ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. ಮರುಭೂಮಿಗೆ ಹೋಗುವಾಗ ಜೇಬಿನಲ್ಲಿ ಹಸಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಹೊಡೆಯುವುದಿಲ್ಲ. ಹೊಕ್ಕುಳಿಗೆ ಪ್ಲಾಸ್ಟರ್ ಅಂಟಿಸಿದರೆ ವಾಂತಿ ಬರುವುದಿಲ್ಲ. ಅಲ್ಲಿ ಸಿಗುವ ಒಂಟೆ ಹಾಲನ್ನು ಕಾಯಿಸದೆ ಕುಡಿದರೆ ಸಕ್ಕರೆ ಕಾಯಿಲೆ ವಾಸಿ.

ಡಾಕ್ಟರಮ್ಮ: ಗೋವಿಂದಪ್ಪನವರೇ, ಜನವರಿ ಸಂಜೆ ಅಲ್ಲಿ ಬಿಸಿಲು ಹೊಡೆಯುವುದಿಲ್ಲ, ಚಳಿ ಹೊಡೆಯುತ್ತದೆ. ಸೂರ್ಯ ಮುಳುಗಿದ ಕೂಡಲೇ ಮರಳು ತಣ್ಣಗಾಗುತ್ತದೆ. ಈರುಳ್ಳಿ ಬಿಟ್ಟು ಸ್ವೆಟರ್ ತಗೊಳ್ಳಿ. ಪ್ಲಾಸ್ಟರಿನಿಂದ ಏನೂ ಆಗುವುದಿಲ್ಲ.

ಹಾಲಿನ ಮಾತು ಹಾಗಲ್ಲ, ಅದು ಅಪಾಯ. ಮರ್ಸ್ ಅನ್ನುವ ವೈರಸ್ 2012ರಲ್ಲಿ ಸೌದಿ ಅರೇಬಿಯಾದಲ್ಲಿ ಮೊದಲು ಗೊತ್ತಾಯಿತು. ಅದು ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಅಪರೂಪ ನಿಜ. ಆದರೆ ಖಚಿತವಾದ ರೋಗಿಗಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಸತ್ತಿದ್ದಾರೆ. ಹಸಿ ಒಂಟೆ ಹಾಲು ಕುಡಿಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹಳೆಯ ಶ್ವಾಸಕೋಶದ ಕಾಯಿಲೆ ಇರುವವರು, ರೋಗ ತಡೆಯುವ ಶಕ್ತಿ ಕಡಿಮೆ ಮಾಡುವ ಔಷಧಿ ತಗೊಳ್ಳುವವರು ಒಂಟೆಯ ಹತ್ತಿರವೇ ಹೋಗದಿರುವುದು ಒಳ್ಳೆಯದು ಎಂದೂ ಹೇಳಿದೆ. ರಂಗಸ್ವಾಮಿಯವರೇ, ನೀವು ಒಂಟೆ ಬಿಡಿ. ಹತ್ತುವವರು ಅದರ ಮೂತಿ ಮುಟ್ಟಬೇಡಿ, ಮುತ್ತು ಕೊಡುವ ಫೋಟೊ ಬೇಡ. ಇಳಿದ ಮೇಲೆ ಸೋಪಿನಲ್ಲಿ ಕೈ ತೊಳೆದು ಊಟಕ್ಕೆ ಕೂರಿ. ಅಂಗಡಿಯಲ್ಲಿ ಪಾಶ್ಚರೀಕರಿಸಿದ ಒಂಟೆ ಹಾಲು ಸಿಗುತ್ತದೆ, ರುಚಿ ನೋಡಬೇಕಿದ್ದರೆ ಅದನ್ನು ಕುಡಿಯಿರಿ. ಮಾತ್ರೆ ನಿಲ್ಲಿಸಬೇಡಿ.

ಗೋವಿಂದಪ್ಪ: ನಾನು ಒಳ್ಳೆಯದಕ್ಕೇ ಹಾಕಿದ್ದು.

ಶೋಭಾ: ಮಗಳಿಗೆ ಐದು ತಿಂಗಳು ಅಂದೆನಲ್ಲ, ಒಂಟೆ ಮೇಲೆ ಬರೀ ಎರಡು ನಿಮಿಷ ಕೂತು ಫೋಟೊ?

ಡಾಕ್ಟರಮ್ಮ: ಬೇಡ.

ಸವಿತಾ: ಮೇಡಂ, ನಮ್ಮ ಅತ್ತೆಗೆ 67. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಗೆ ಹಾಕಲು ತುಂಬಿದ ಕೊಡ ಎತ್ತಿದರು. ಬೆನ್ನಿನಲ್ಲಿ ಚಳಕ್ ಅಂತು ಅಂದರು. ಉಳುಕು ಅಂತ ಎಣ್ಣೆ ತಿಕ್ಕಿದೆವು. ಆರು ವಾರ ಆಯಿತು, ಮಲಗಿದಾಗ ಪರವಾಗಿಲ್ಲ, ಏಳುವಾಗ ನೋವು. ಬೆಲ್ಟ್ ಕಟ್ಟಿಕೊಂಡು ಜೀಪಿನಲ್ಲಿ ಕೂರಬಹುದಾ? ಉಬ್ಬಸ ಇದೆ, ಇನ್ಹೇಲರ್ ತಗೊಳ್ಳುತ್ತಾರೆ. ಇನ್ನೊಂದು ವಿಷಯ, ಸೂಟ್‌ಕೇಸಿಗೆ ಬಟ್ಟೆ ಜೋಡಿಸುವಾಗ ನೋಡಿದೆ. ಅವರಿಗೆ ಸರಿಯಾಗಿದ್ದ ನೈಟಿಗಳೆಲ್ಲ ಈಗ ನೆಲ ಒರೆಸುತ್ತಿವೆ, ಎಲ್ಲವನ್ನೂ ಮಡಿಸಿ ಹೊಲಿಸಬೇಕು. ಪ್ರಯಾಣಕ್ಕೆ ಕಾಟನ್ ತಗೊಳ್ಳಲಾ ಸಿಂಥೆಟಿಕ್ಕಾ?

ಡಾಕ್ಟರಮ್ಮ: ಸವಿತಾ, ಬಟ್ಟೆ ವಿಷಯ ಬಿಡಿ. ಮೊದಲು ಇದಕ್ಕೆ ಉತ್ತರ ಹೇಳಿ. ಉಬ್ಬಸಕ್ಕೆ ಸ್ಟಿರಾಯ್ಡ್ ಮಾತ್ರೆ, ಪ್ರೆಡ್ನಿಸೊಲೋನ್, ಎಷ್ಟು ವರ್ಷ ತಗೊಂಡಿದ್ದಾರೆ? ನೋವು ಬೆನ್ನಿನ ನಡುಮಧ್ಯದಲ್ಲಿದೆಯಾ, ಬೆರಳಿಟ್ಟು ಒತ್ತಿದರೆ ಜಾಸ್ತಿಯಾಗುತ್ತಾ? ಕಾಲಿನಲ್ಲಿ ಜೋಮು, ಬಲ ಕಡಿಮೆ, ಮೂತ್ರ ಕಟ್ಟುವುದು ಏನಾದರೂ ಇದೆಯಾ?

ಸವಿತಾ: ಮಾತ್ರೆ ಬಿಟ್ಟು ಬಿಟ್ಟು ಏಳೆಂಟು ವರ್ಷ. ಚಳಿಗಾಲದಲ್ಲಿ ದಿನಾ. ಈಗಲೂ ಇದೆ. ನೋವು ನಡುಮಧ್ಯದಲ್ಲೇ, ಒತ್ತಿದರೆ ಕಿರುಚುತ್ತಾರೆ. ಕಾಲು ಚೆನ್ನಾಗಿದೆ, ಮೂತ್ರಕ್ಕೂ ತೊಂದರೆ ಇಲ್ಲ.

ಡಾಕ್ಟರಮ್ಮ: ಹಾಗಾದರೆ ಇದು ಉಳುಕು ಅಲ್ಲದಿರಬಹುದು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಬೆನ್ನುಮೂಳೆ ಒಂದರ ಮೇಲೊಂದು ಬೆಂಕಿಪೊಟ್ಟಣ ಜೋಡಿಸಿದ ಹಾಗೆ. ಸ್ಟಿರಾಯ್ಡ್ ವರ್ಷಗಟ್ಟಲೆ ತಗೊಂಡರೆ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಮುಟ್ಟು ನಿಂತ ಮೇಲೆ ಇನ್ನೂ ಬೇಗ. ಆಗ ಬಿದ್ದರೇ ಮುರಿಯಬೇಕು ಅಂತೇನಿಲ್ಲ. ಬಗ್ಗಿ ಕೊಡ ಎತ್ತಿದರೆ ಸಾಕು, ಒಂದು ಪೊಟ್ಟಣದ ಮುಂದಿನ ಅಂಚು ಅಮುಕಿಹೋಗುತ್ತದೆ. ಎದೆಯ ಬೆನ್ನುಮೂಳೆ ಮುಗಿದು ಸೊಂಟದ್ದು ಶುರುವಾಗುವ ಜಾಗದಲ್ಲಿ ಇದು ಜಾಸ್ತಿ. ಮಲಗಿದರೆ ಆರಾಮ, ಏಳುವಾಗ ನೋವು ಅನ್ನುವುದೂ ಇದಕ್ಕೆ ಹೊಂದುತ್ತದೆ. ಒಂದೆರಡು ಪೊಟ್ಟಣ ಕುಸಿದರೆ ಎತ್ತರ ಕಡಿಮೆಯಾಗುತ್ತದೆ. ನೈಟಿ ಉದ್ದವಾಗಿಲ್ಲ ಸವಿತಾ, ಅತ್ತೆ ಗಿಡ್ಡವಾಗಿದ್ದಾರೆ. ನೀವು ಅದನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು.

ಈಗ ಜೀಪು. ಟೈರಿನ ಗಾಳಿ ಇಳಿಸಿ ದಿಬ್ಬದ ನೆತ್ತಿಗೆ ಹತ್ತಿಸುತ್ತಾರೆ, ಆ ಕಡೆ ಧೊಪ್ ಎಂದು ಇಳಿಸುತ್ತಾರೆ. ಸೀಟು ಕೆಳಗಿನಿಂದ ಬಂದು ಬೆನ್ನುಮೂಳೆಯನ್ನು ನೇರ ಮೇಲಕ್ಕೆ ಗುದ್ದುತ್ತದೆ. ಅರ್ಧ ಗಂಟೆ ಹೀಗೇ. ಗಟ್ಟಿ ಮೂಳೆಯವರಿಗೇ ಇದರಿಂದ ಪೆಟ್ಟಾಗುವುದುಂಟು. ಸೊಂಟಕ್ಕೆ ಕಟ್ಟುವ ಬೆಲ್ಟ್ ಈ ಗುದ್ದನ್ನು ತಡೆಯುವುದಿಲ್ಲ. ಒಂಟೆ ಕೂರುವಾಗಿನ ಜಗ್ಗಾಟವೂ ಬೇಡ.

ನಾಳೆಯೇ ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಿ, ಪಕ್ಕದಿಂದ ತೆಗೆದದ್ದು ಬೇಕೇ ಬೇಕು. ಆಮೇಲೆ ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್. ಎಣ್ಣೆ ತಿಕ್ಕುವುದು ನಿಲ್ಲಿಸಿ, ಬೆನ್ನು ತುಳಿಸುವುದಂತೂ ಬೇಡವೇ ಬೇಡ. ಸ್ಟಿರಾಯ್ಡ್ ಮಾತ್ರೆಯನ್ನು ನೀವಾಗಿಯೇ ದಿಢೀರಂತ ನಿಲ್ಲಿಸಬೇಡಿ, ಅದು ಇನ್ನೊಂದು ಅಪಾಯ. ಕಾಲು ಸೋತರೆ, ಮೂತ್ರ ಕಟ್ಟಿದರೆ ಕಾಯದೆ ಆಸ್ಪತ್ರೆಗೆ.

ಪುಟ್ಟರಾಜು (ಮಂಡ್ಯ): ಸವಿತಾ, ಮನೆ ವಿಷಯ ಊರಿಗೆಲ್ಲ ಗೊತ್ತಾಗುವ ಹಾಗೆ ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅಕ್ಕನ ಟಿಕೆಟ್ ತೆಗೆಸಿದ್ದು ನಾನು. ಒಂಟೆ ಹತ್ತಬೇಕು ಅಂತ ಅವಳು ಒಂದು ವರ್ಷದಿಂದ ಹೇಳುತ್ತಿದ್ದಾಳೆ. ಡಾಕ್ಟರೇ, ನಮ್ಮದು ಮುದ್ದೆ ತಿಂದು ಬೆಳೆದ ಮೈ. ನಮ್ಮವ್ವ 85ರಲ್ಲೂ ಕಬ್ಬಿನ ಗದ್ದೆಗೆ ಹೋಗುತ್ತಿದ್ದರು. ಸುಮ್ನೆ ಹೆದರಿಸಬೇಡಿ.

ಸವಿತಾ: ಮಾವ, ರಾತ್ರಿ ಎದ್ದು ಬಚ್ಚಲಿಗೆ ಕೈ ಹಿಡಿದು ಕರೆದುಕೊಂಡು ಹೋಗುವುದು ನಾನು. ನಿಮಗೆ ಫೋನಿನಲ್ಲಿ ಅವರು ಚೆನ್ನಾಗಿದ್ದೀನಿ ಅಂತಾರೆ, ಅಷ್ಟೆ.

ಡಾಕ್ಟರಮ್ಮ: ಪುಟ್ಟರಾಜು ಅವರೇ, ರಾಗಿ ಬಹಳ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ದಿನಾ ತಿನ್ನಲಿ. ಆದರೆ ನಿಮ್ಮ ತಾಯಿ ಏಳೆಂಟು ವರ್ಷ ಸ್ಟಿರಾಯ್ಡ್ ನುಂಗಿರಲಿಲ್ಲ. ಅಮುಕಿದ ಮೂಳೆಯನ್ನು ಮುದ್ದೆ ಎತ್ತಿ ನಿಲ್ಲಿಸುವುದಿಲ್ಲ. ನಾನು ಹೆದರಿಸುತ್ತಿಲ್ಲ, ಎಕ್ಸ್‌ರೇ ತೆಗೆಸಿ ಅನ್ನುತ್ತಿದ್ದೇನೆ.

ಗೋವಿಂದಪ್ಪ: ಮಂಗರವಳ್ಳಿ ಸೊಪ್ಪಿನಿಂದ ಮುರಿದ ಮೂಳೆ ಕೂಡುತ್ತೆ ಅಂತ ಒಂದು ವಿಡಿಯೊ ಇದೆ, ಹಾಕಲಾ?

ಡಾಕ್ಟರಮ್ಮ: ಹಾಕಬೇಡಿ. ಇದು ಎರಡನೇ ಸಲ ಹೇಳುತ್ತಿದ್ದೇನೆ. ಆ ವಿಡಿಯೊ ನಂಬಿ ಎಕ್ಸ್‌ರೇ ಒಂದು ವಾರ ತಡವಾದರೆ ನೀವು ಜವಾಬ್ದಾರಿ ತಗೊಳ್ಳುತ್ತೀರಾ?

ಲಲಿತಾ: ಮೆಹಂದಿ ಹಾಕಿಸಿಕೊಳ್ಳಬಹುದಾ?

ಡಾಕ್ಟರಮ್ಮ: ಕಂದು ಬಣ್ಣದ್ದು ಸರಿ. ಅಚ್ಚ ಕಪ್ಪು ಬಣ್ಣದ್ದು ಬೇಡ, ಅದಕ್ಕೆ ತಲೆಕೂದಲ ಡೈ ರಾಸಾಯನಿಕ ಬೆರೆಸುತ್ತಾರೆ, ಬೊಬ್ಬೆ ಏಳುತ್ತದೆ.

ಕೃಷ್ಣಮೂರ್ತಿ: ಮಂಡಿ ನೋವಿಗೆ ಟ್ರಾಮಡಾಲ್ ತಗೊಳ್ಳುತ್ತೇನೆ. ಹತ್ತು ಮಾತ್ರೆ ಬ್ಯಾಗಿನಲ್ಲಿ ಇಟ್ಟುಕೊಂಡರೆ ಸಾಕಲ್ವಾ? ದುಬೈಯಲ್ಲಿರುವ ಮಗಳಿಗೆ ಪಾಯಸ ಮಾಡಲು ಗಸಗಸೆಯೂ ಒಯ್ಯುತ್ತಿದ್ದೇವೆ.

ಡಾಕ್ಟರಮ್ಮ: ಎರಡನ್ನೂ ಈಗಲೇ ಬ್ಯಾಗಿನಿಂದ ತೆಗೆಯಿರಿ. ಗಸಗಸೆ ಅಲ್ಲಿ ನಿಷಿದ್ಧ, ಒಂದು ಚಮಚವೂ ಬೇಡ. ಜೈಲಾಗಬಹುದು. ಟ್ರಾಮಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧಿ ಅಲ್ಲಿ ನಿಯಂತ್ರಣದಲ್ಲಿರುವ ಔಷಧಿಗಳು. ಅಲ್ಲಿನ ಸರ್ಕಾರದ ಅನುಮತಿ ಆನ್‌ಲೈನಿನಲ್ಲಿ ಮುಂಚೆಯೇ ಪಡೆಯಬೇಕು. ನನ್ನ ಹತ್ತಿರ ಬನ್ನಿ, ಬೇರೆ ಮಾತ್ರೆ ಬರೆದುಕೊಡುತ್ತೇನೆ. ಎಲ್ಲರೂ ಮಾತ್ರೆಗಳನ್ನು ಅದರ ಪಟ್ಟಿಯಲ್ಲೇ ಒಯ್ಯಿರಿ, ಚೀಟಿ ಜೊತೆಗಿರಲಿ.

ಮಂಜುಳಾ: ಸೀಟಿನ ವಿಷಯ ಇನ್ನೂ ತೀರ್ಮಾನ ಆಗಲಿಲ್ಲ.

ಪದ್ಮಾ: ಊಟದಲ್ಲಿ ಸಸ್ಯಾಹಾರ ಬೇರೆ ಇರುತ್ತಾ? ಒಂದೇ ಒಲೆಯಲ್ಲಿ ಸುಟ್ಟರೆ ನಾನು ತಿನ್ನಲ್ಲ.

ರವಿ: ಹಾಗಾದರೆ ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಬನ್ನಿ.

ಪದ್ಮಾ: ನಿಮ್ಮನ್ನು ಕೇಳಲಿಲ್ಲ.

ಬಸವರಾಜು: ವಾಂತಿಗೆ ಏನು ಮಾಡಬೇಕು ಮೇಡಂ?

ಡಾಕ್ಟರಮ್ಮ: ಮೇಲೆ ಬರೆದಿದ್ದೇನೆ. ಓದಿ.

ಬಸವರಾಜು: ಬಿಪಿಗೆ ನೀರು ಹೋಗುವ ಮಾತ್ರೆ ಇದೆ. ಜೀಪಿನಲ್ಲಿ ಕಷ್ಟ ಅಂತ ಆ ದಿನ ಬಿಡಲಾ?

ಡಾಕ್ಟರಮ್ಮ: ಬಿಡಬೇಡಿ. ಬೆಳಿಗ್ಗೆ ಎದ್ದ ಕೂಡಲೇ ತಗೊಳ್ಳಿ. ಇವತ್ತಿಗೆ ಸಾಕು, ನಾಳೆ ನೋಡುತ್ತೇನೆ.

(ಮರುದಿನ ಸಂಜೆ)

ಸವಿತಾ: ಮೇಡಂ, ಎಕ್ಸ್‌ರೇ ಆಯಿತು. ಎದೆಯ 12ನೇ ಬೆನ್ನುಮೂಳೆ ಮುಂಭಾಗದಲ್ಲಿ ಕುಸಿದಿದೆ ಅಂತ ಬರೆದಿದ್ದಾರೆ. ಅತ್ತೆ ಏನೂ ಮಾತಾಡುತ್ತಿಲ್ಲ. ಹೋಗುವುದೇ ಬೇಡವಾ ಅಂತ ಒಂದೇ ಸಲ ಕೇಳಿದರು.

ದಿನೇಶ್: ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ನಿನ್ನೆ ಕೇಳಿದ್ದೆ.

ಪುಟ್ಟರಾಜು (ಮಂಡ್ಯ): ಮೂಳೆ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಕಾರು ನಾನು ತರುತ್ತೇನೆ.

ಡಾಕ್ಟರಮ್ಮ: ಸವಿತಾ, ಹೋಗುವುದು ಬೇಡ ಅಂತ ನಾನು ಹೇಳಿಲ್ಲ ಅನ್ನಿ ಅವರಿಗೆ. ಮೂಳೆ ಡಾಕ್ಟರು ನೋಡಿ ಒಪ್ಪಿದರೆ ವಿಮಾನದಲ್ಲಿ ಹೋಗಬಹುದು, ಕ್ಯಾಂಪಿಗೆ ರಸ್ತೆಯಲ್ಲಿ ಹೋಗಬಹುದು. ಶೋಭಾ ಅವರ ಮಗಳೂ ಹಾಗೇ ಹೋಗುವುದು, ಇಬ್ಬರಿಗೂ ಒಂದೇ ಕಾರು ಕೇಳಿ. ಒಂಟೆಯನ್ನು ದೂರದಿಂದ ನೋಡಲಿ. ಉಬ್ಬಸ, ಸ್ಟಿರಾಯ್ಡ್ ಎರಡೂ ಇರುವವರು ಅದನ್ನು ಮುಟ್ಟುವುದು ಬೇಡ. ಪುಟ್ಟರಾಜು ಅವರೇ, ನಾಳೆ ಹತ್ತಕ್ಕೆ ಎಕ್ಸ್‌ರೇ ಫಿಲ್ಮ್ ಜೊತೆ ಕ್ಲಿನಿಕ್ಕಿಗೆ ಬನ್ನಿ, ಅಲ್ಲಿಂದ ಮೂಳೆ ಡಾಕ್ಟರಿಗೆ ಚೀಟಿ ಕೊಡುತ್ತೇನೆ. ನಿಮ್ಮ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ದಾರಿಯಲ್ಲಿ ಹಂಪು ಬಂದಾಗ ಪೂರ್ತಿ ನಿಲ್ಲಿಸಿ, ಆಮೇಲೆ ದಾಟಿಸಿ.