ಸಣ್ಣ ಕೂಸಾದ್ರ ಹೆರಿಗಿ ಹಗೂರ ಅನ್ನೋದು ಖರೇನ?

ಗದಗಿನ ಸೊಸಿ: ನಮ್ಮ ನೆಗೆಣ್ಣಿ ಹಡದಾಳ್ರಿ. ದಿನಾ ತುಂಬೇ ಹುಟ್ಟೇತಿ, ಆದ್ರ ಕೂಸಿನ ತೂಕ 2.1 ಕಿಲೋ. 'ಸಣ್ಣ ಕೂಸಾದ್ರ ತಾಯಿಗೆ ತ್ರಾಸಿಲ್ಲ' ಅಂತಾರ ಹಿರ್ಯಾರು. ಬಸರಿದ್ದಾಗೂ 'ಹೊಟ್ಟಿತುಂಬ ಉಂಡ್ರ ಕೂಸಿಗೆ ಜಾಗ ಸಾಲೂದಿಲ್ಲ' ಅಂತ ರಾತ್ರಿ ಒಂದ ರೊಟ್ಟಿ ಕೊಡತಿದ್ರು. ಇದು ಖರೇನ?

ಹಳೇ ಹುಬ್ಬಳ್ಳಿ ನರ್ಸಕ್ಕ: ಖರೆ ಅಲ್ಲ ತಂಗಿ. ಊಟ ಹೋಗೂದು ಜಠರಕ್ಕ, ಕೂಸು ಬೆಳಿಯೂದು ಗರ್ಭಚೀಲದಾಗ. ಒಂದಕ್ಕೊಂದು ಅಡ್ಡ ಬರೂದಿಲ್ಲ. 2.5 ಕಿಲೋದ ಕೆಳಗ ಇದ್ರ ಕಡಿಮಿ ತೂಕನ. 37 ವಾರದೊಳಗ ಹುಟ್ಟಿ ಸಣ್ಣದಾಗೂದು ಬ್ಯಾರೆ, ದಿನಾ ತುಂಬಿನೂ ಸಣ್ಣದಾಗೂದು ಬ್ಯಾರೆ. ನಿಮ್ಮ ಕೂಸು ಹೊಟ್ಯಾಗಿದ್ದಾಗನ ಬೆಳವಣಿಗ್ಯಾಗ ಹಿಂದ ಬಿದ್ದಿರಬೇಕು. ತಾಯಿ ಕಾರ್ಡ್ ತಗದು ನೋಡವಾ, ಎಚ್‌ಬಿ (ರಕ್ತದಾಗಿನ ಹಿಮೋಗ್ಲೋಬಿನ್), ಬಿಪಿ ಎಷ್ಟಿದ್ದುವು?

ಗದಗಿನ ಸೊಸಿ: ಎಚ್‌ಬಿ 8.2. ಬಿಪಿ ಸರಿ ಇತ್ತು. ದೊಡ್ಡ ಮಗಳಿಗೆ ವರ್ಷ ತುಂಬೂದ್ರಾಗ ಮತ್ತ ಬಸರಾಗಿದ್ಲು.

ರಾಣೇಬೆನ್ನೂರ ಕಾಕಾ: ರಕ್ತ ಕಡಿಮಿ ಇದ್ದಾವ್ರು ಮನಿಗೊಬ್ರು ಅದಾರ. ನಮ್ಮವ್ವ ಹೊಲದಾಗ ದುಡಕೋತನ ಏಳು ಮಂದಿ ಹಡದ್ಲು, ಎಲ್ಲಾರೂ ಗಟ್ಟಿ ಅದೀವಿ. ತಾಯಿ ಸಣ್ಣಾಕಿದ್ರ ಕೂಸೂ ಸಣ್ಣದು, ಅಷ್ಟ.

ಬ್ಯಾಡಗಿ ಟೀಚರ್: ಕಾಕಾರ, ಉಳದವ್ರನ್ನ ಎಣಸ್ತೀರಿ, ಆಗಿನ ಕಾಲದಾಗ ಹೋದ ಕೂಸುಗಳನ್ನ ಯಾರು ಎಣಸ್ಯಾರ್ರೀ? ನಮ್ಮೂರಾಗ ಎಂಟು ತಿಂಗಳ ಬಸರಿ ಮೆಣಸಿನಕಾಯಿ ತುಂಬು ಬಿಡಸಾಕ ಮುಂಜಾನೆ ಕುಂತ್ರ ಸಂಜಿಗೆ ಏಳತಾಳ, ಘಾಟಿಗೆ ಕೆಮ್ಮಕೋತ. ಮನಿಗೆ ಬಂದ್ರ ಕಟಗಿ ಒಲಿ ಹೊಗಿ. ಇದನ್ನೆಲ್ಲಾ ಬಿಟ್ಟು ಆಕಿ ಮೈಕಟ್ಟಿನ ಮ್ಯಾಲ ಹಾಕಬ್ಯಾಡ್ರಿ.

ಹಳೇ ಹುಬ್ಬಳ್ಳಿ ನರ್ಸಕ್ಕ: ತಾಯಿ ಎತ್ತರಾನೂ ಲೆಕ್ಕಕ್ಕ ಬರತೈತಿ, ಕಾಕಾರ ಹೇಳಿದ್ದು ಪೂರಾ ಸುಳ್ಳಲ್ಲ. ಆದ್ರ ಅದನ್ನ ಈಗ ಬದಲಿ ಮಾಡಾಕ ಬರೂದಿಲ್ಲ. ಬಸರಿಗೆ ಎಚ್‌ಬಿ 11ರ ಕೆಳಗ ಇಳದ್ರ ರಕ್ತಹೀನತೆ, ಅದಕ್ಕ ಔಷಧ ಐತಿ. ಕಬ್ಬಿಣದ ಗುಳಿಗಿ 180 ದಿನಾ ಕೊಡತಾರ. ಭಾಳ ಮಂದಿ ಚಹಾದ ಜೋಡಿ ನುಂಗತಾರ, ಚಹಾ ಆ ಕಬ್ಬಿಣ ಮೈಗೆ ಹತ್ತಗೊಡೂದಿಲ್ಲ. ಲಿಂಬಿಹಣ್ಣಿನ ನೀರಿನ್ಯಾಗ ತಗೋಬೇಕು. ಇನ್ನೊಂದು, ಹಲ್ಲಿಗೆ ತಂಬಾಕಿನ ಪುಡಿ ತಿಕ್ಕೋದೂ ಕೂಸಿನ ತೂಕ ಇಳಸ್ತೈತಿ. ಕೇಳಿದ್ರ 'ನಾವೇನು ಸೇದೂದಿಲ್ರಿ' ಅಂತಾರ! ಒಂದು ಹೆರಿಗಿ ಆದಮ್ಯಾಲ ಮುಂದಿನ ಬಸರಿಗೆ ಕನಿಷ್ಠ 2 ವರ್ಷ ಬಿಡಬೇಕು, ಇದನ್ನ ಗಂಡಸರಿಗೂ ಹೇಳಬೇಕು.

ರಾಣೇಬೆನ್ನೂರ ಕಾಕಾ: ಅಂತರದ ಮಾತು ಒಪ್ಪತೇನಿ. ನನ್ನ ಸೊಸಿ ಗುಳಿಗಿ ನುಂಗಿದ್ರ ವಾಂತಿ ಬರತೈತಿ ಅಂತ ಬಿಟ್ಟಾಳ. ಅದಕ್ಕೇನು ಮಾಡೂದು?

ಹಳೇ ಹುಬ್ಬಳ್ಳಿ ನರ್ಸಕ್ಕ: ರಾತ್ರಿ ಊಟ ಆದಮ್ಯಾಲ, ಮಲಗೂ ಮುಂದ ಕೊಡ್ರಿ. ಆದ್ರೂ ಆಗಲಿಲ್ಲಂದ್ರ ತಿಂಗಳ 9ನೇ ತಾರೀಖಿಗೆ ಸರಕಾರಿ ದವಾಖಾನ್ಯಾಗ ಬಸರಿ ತಪಾಸಣಿ ಇರತೈತಿ, ಡಾಕ್ಟರಿಗೆ ಹೇಳ್ರಿ, ನರಕ್ಕ ಕೊಡೂ ಇಂಜೆಕ್ಷನ್ನೂ ಐತಿ. ತಂಗಿ, ನಿಮ್ಮ ಕೂಸಿನ್ನ ಅವರವ್ವನ ಬರೇ ಎದಿಗೆ ಹಚ್ಚಿ ಬೆಚ್ಚಗ ಇಡ್ರಿ. ಎದಿಹಾಲು ಬಿಟ್ರ ಜೇನುತುಪ್ಪ ಗೀನುತುಪ್ಪ ಏನೂ ಬ್ಯಾಡ, ಜಳಕಾನೂ ಈಗ ಬ್ಯಾಡ. ತೂಕ ಏರತೈತೋ ಇಲ್ಲೋ ನೋಡಾಕ ಆಶಾ ಅಕ್ಕನ್ನ ಈ ವಾರನ ಕರೀರಿ.